ಸಾಲಿಗೊಂದು ಮೊಳ, ಬೀಜಕ್ಕೊಂದು ಚೋಟು

ಮೋಯಾರಿನ ಅಕ್ಕಪಕ್ಕದ ಮನೆಯವರಲ್ಲಿ, ಮಸಿನಗುಡಿ, ಬೊಕ್ಕಾಪುರ, ಸಿಂಗಾರದ ನೆಂಟರಿಷ್ಟರಲ್ಲಿ ಒಂದು ಮಾತು. ಈ ಸಲ ಹಿತ್ತಿಲಲ್ಲಿ ಗಿಡ ಬೀನ್ಸ್ ಹಾಕುವವರು ಬೀಜದ ಪೊಟ್ಟಣ ಒಡೆಯುವ ಮೊದಲು ನಿಮ್ಮ ಕೈಯನ್ನೇ ಒಮ್ಮೆ ನೋಡಿಕೊಳ್ಳಿ. ಅಳತೆ ಅಲ್ಲೇ ಇದೆ.

ಇದನ್ನು ಕಲಿಯಲು ನನಗೆ ಒಂದು ಬೆಳೆ ಹೋಯಿತು. ಹೋದ ವರ್ಷ ಗಣೇಶನ ಹಬ್ಬ ಕಳೆದ ವಾರ ಹತ್ತಡಿ ಉದ್ದ, ಆರಡಿ ಅಗಲದ ಮಡಿ ಮಾಡಿದೆ. ತಂದ ಬೀಜವನ್ನು ಉಳಿಸುವುದೇಕೆ ಎಂದು ದಂಟಿನ ಬೀಜ ಎರಚಿದ ಹಾಗೆ ಅಷ್ಟನ್ನೂ ಎರಚಿಬಿಟ್ಟೆ. ವಾರದೊಳಗೆ ಮಡಿ ತುಂಬ ಮೊಳಕೆ. ಬೇಲಿಯಾಚೆ ಹೋಗುವವರೆಲ್ಲ ನಿಂತು ನೋಡಿ ಹೊಗಳಿದ್ದೇ ಹೊಗಳಿದ್ದು. ಕೀಳಲು ಮನಸ್ಸು ಬರಲಿಲ್ಲ. ಆಮೇಲೆ ಹಿಂಗಾರು ಹಿಡಿಯಿತು. ಬೆಳಿಗ್ಗೆ ಹನ್ನೊಂದಾದರೂ ಗಿಡದ ಬುಡಕ್ಕೆ ಬಿಸಿಲಿಲ್ಲ, ಎಲೆಗೆ ಎಲೆ ಅಂಟಿಕೊಂಡು ಒದ್ದೆಯಾಗಿಯೇ ನಿಂತಿರುತ್ತಿತ್ತು. ಒಂದು ದಿನ ಎಲೆ ಮಗುಚಿ ಹೆಬ್ಬೆರಳು ಒತ್ತಿದರೆ ಹಳೆ ಬಾಣಲೆಯ ತುಕ್ಕಿನಂಥ ಕಂದು ಪುಡಿ ಬೆರಳಿಗೆ ಮೆತ್ತಿಕೊಂಡಿತು. ಅದರ ಹೆಸರೂ ತುಕ್ಕು ರೋಗವೇ. ಅಷ್ಟು ಗಿಡದಿಂದ ನಮ್ಮ ಮನೆಗೆ ಸಿಕ್ಕಿದ್ದು ಎರಡು ಹೊತ್ತಿನ ಪಲ್ಯ.

ತುಕ್ಕಿನ ಶಿಲೀಂಧ್ರಕ್ಕೆ ಬೇಕಾದದ್ದು ತಂಪು ಹವೆ ಮತ್ತು ಗಂಟೆಗಟ್ಟಲೆ ಒದ್ದೆಯಾಗಿಯೇ ಉಳಿಯುವ ಎಲೆ. ಮಳೆಯನ್ನು ನಾವು ನಿಲ್ಲಿಸಲಾರೆವು. ಮಳೆ ನಿಂತ ಮೇಲೆ ಎಲೆ ಬೇಗ ಆರುವಂತೆ ಮಾಡಬಲ್ಲೆವು. ಗಿಡಗಳ ನಡುವೆ ಗಾಳಿ ಆಡಬೇಕು, ಅಷ್ಟೇ. ಅದಕ್ಕೆ ಬೇಕಾದ ಅಂತರ ಸಾಲಿನಿಂದ ಸಾಲಿಗೆ ಒಂದು ಮೊಳ, ಅಂದರೆ 45 ಸೆಂಟಿಮೀಟರ್. ಬೀಜದಿಂದ ಬೀಜಕ್ಕೆ ಒಂದು ಚೋಟು, ಹೆಬ್ಬೆರಳು ತೋರುಬೆರಳು ಅಗಲಿಸಿದಷ್ಟು, 15 ಸೆಂಟಿಮೀಟರ್. ಆಳ ಬೆರಳಿನ ಒಂದು ಗೆಣ್ಣು ಸಾಕು. ನನ್ನ ಆ ಮಡಿಗೆ ಲೆಕ್ಕ ಹಾಕಿ ನೋಡಿ: ಉದ್ದಕ್ಕೆ ನಾಲ್ಕು ಸಾಲು, ಸಾಲಿಗೆ ಇಪ್ಪತ್ತು ಗಿಡ, ಒಟ್ಟು 80. ಎಂಬತ್ತು ಬೀಜ ಒಂದು ಹಿಡಿಯೂ ತುಂಬುವುದಿಲ್ಲ. ಮೊದಲ ಮೂರು ವಾರ ಮಡಿ ಬೋಳಾಗಿ ಕಾಣುತ್ತದೆ, ಕೈ ತುರಿಸುತ್ತದೆ. ತಡೆದುಕೊಳ್ಳಿ.

ಗಿಡ ಬೀನ್ಸ್ ಬಳ್ಳಿಯಂತೆ ತಿಂಗಳುಗಟ್ಟಲೆ ಕೊಡುವುದಿಲ್ಲ. ಬಿತ್ತಿ ಐವತ್ತು ದಿನದ ಹೊತ್ತಿಗೆ ಕಾಯಿ ಶುರುವಾಗಿ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಆದ್ದರಿಂದ ಎರಡು ಸಾಲು ಮೊದಲು ಹಾಕಿ, ಹದಿನೈದು ದಿನ ಬಿಟ್ಟು ಉಳಿದೆರಡು.

ಯಾವಾಗ ಬಿತ್ತಬೇಕು ಎನ್ನುವುದಕ್ಕೆ ಊಟಿಯವರ ಲೆಕ್ಕ ನಮಗೆ ನಡೆಯುವುದಿಲ್ಲ. ಅದು 2,240 ಮೀಟರ್ ಎತ್ತರದ ಊರು. ಕಲ್ಹಟ್ಟಿ ಘಟ್ಟದ 36 ತಿರುವು ಇಳಿದು ಮಳೆ ನೆರಳಿನಲ್ಲಿ ಕೂತಿರುವ ನಾವು ಅದರ ಅರ್ಧ ಎತ್ತರವೂ ಇಲ್ಲ. ಬಿಸಿಲು 30 ಡಿಗ್ರಿ ದಾಟಿದರೆ ಬೀನ್ಸ್ ಹೂ ಉದುರಿಸುತ್ತದೆ. ಬೊಕ್ಕಾಪುರದ ಮಾರಿಯಮ್ಮನ ಜಾತ್ರೆ ಮುಗಿಸಿ ಬಂದ ಉತ್ಸಾಹದಲ್ಲಿ ಮಾರ್ಚಿಯಲ್ಲೇ ಬಿತ್ತುವವರಿದ್ದಾರೆ. ಗಿಡವೇನೋ ಬರುತ್ತದೆ, ಕಾಯಿ ಬರುವುದಿಲ್ಲ. ಬೇಸಿಗೆ ಮಳೆ ಬಿದ್ದು ನೆಲ ತಣಿದ ಮೇಲೆ ಹಾಕಿ.

ತಳಿ ಕೇಳುವವರಿಗೆ: ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್, ಅರ್ಕಾ ಸುವಿಧಾ, ಅರ್ಕಾ ಅನೂಪ್ ಮೂರೂ ಗಿಡದ ಜಾತಿಯವೇ. ಸುವಿಧಾಕ್ಕೆ ನಾರಿಲ್ಲ. ಅನೂಪ್ ತುಕ್ಕು ತಡೆಯುತ್ತದೆ, ಹಿಂಗಾರಿಗೆ ನಾನು ಅದನ್ನೇ ಹೇಳುತ್ತೇನೆ. ಹಾಗೆಂದು ಒತ್ತಾಗಿ ಬಿತ್ತಲು ಅದು ಪರವಾನಗಿಯಲ್ಲ. (ನಮ್ಮ ಅಜ್ಜಿಯಂದಿರು ಬೀನ್ಸನ್ನು ಹುರುಳಿಕಾಯಿ ಅನ್ನುತ್ತಿದ್ದರು. ಹುರುಳಿಗೂ ಇದಕ್ಕೂ ನೆಂಟಸ್ತಿಕೆ ದೂರದ್ದು. ಇದರ ತವರು ಅಮೆರಿಕ ಖಂಡದ ಮೆಕ್ಸಿಕೊ, ಪೆರು ಕಡೆ.)

ಬಳ್ಳಿ ಬೀನ್ಸ್ ಬಿಟ್ಟು ಗಿಡದ್ದನ್ನೇ ಹಾಕಿ ಎಂದು ಒತ್ತಾಯ ಮಾಡುವುದಕ್ಕೆ ನನಗೆ ಇನ್ನೊಂದು ಕಾರಣವಿದೆ. ಬಳ್ಳಿಗೆ ಊರುಗೋಲು ಬೇಕು. ಮುದುಮಲೆ ಹುಲಿ ಮೀಸಲಿನ ಮಗ್ಗುಲಲ್ಲಿ ಮನೆ ಕಟ್ಟಿಕೊಂಡವರು ಕೋಲಿಗೆಂದು ಕತ್ತಿ ಹಿಡಿದು ಎಲ್ಲಿಗೆ ಹೋಗುತ್ತೇವೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೊಣಕಾಲೆತ್ತರದ ಗಿಡಕ್ಕೆ ಕೋಲಿನ ಗೊಡವೆಯೇ ಇಲ್ಲ. ಬಾಳೆ, ಹಲಸು ಇರುವ ಹಿತ್ತಿಲಿಗೆ ರಾತ್ರಿ ಯಾರು ಬರುತ್ತಾರೆ ಎಂಬುದೂ ನಮಗೆ ಗೊತ್ತು. ಬೀನ್ಸಿಗೆ ಜಿಂಕೆ ಬಾಯಿ ಹಾಕುತ್ತದೆ, ಇಲ್ಲವೆನ್ನುವುದಿಲ್ಲ. ಅದಕ್ಕೇ ಮಡಿ ಅಡುಗೆಮನೆ ಗೋಡೆಗೆ ಹತ್ತಿರವಿರಲಿ, ಸುತ್ತ ಹಳೆ ಸೀರೆ ಕಟ್ಟಿ. ಅಷ್ಟಾದರೂ ತಿಂದರೆ ತಿನ್ನಲಿ. ಎಂಬತ್ತು ಗಿಡದ ಪಲ್ಯಕ್ಕೆ ತಂತಿ ಎಳೆದು ಕರೆಂಟ್ ಕೊಡುವ ಕೆಲಸವನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. 1952ರಿಂದ ವಿದ್ಯುತ್ತು ಹುಟ್ಟಿಸುತ್ತಿರುವ ಊರಿನವರು ನಾವು. ತಂತಿ ಮುಟ್ಟಿದ ಆನೆಗೆ, ಕತ್ತಲಲ್ಲಿ ಎಡವಿದ ಮಗುವಿಗೆ ಅದು ಏನು ಮಾಡುತ್ತದೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ನೀರನ್ನು ಬೆಳಿಗ್ಗೆ ಬುಡಕ್ಕೆ ಹಾಕಿ. ಇಬ್ಬನಿ ಆರುವ ಮೊದಲು ಕಾಯಿ ಬಿಡಿಸಲು ಮಡಿಗೆ ಇಳಿಯಬೇಡಿ, ಒದ್ದೆ ಸೆರಗೇ ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಎಳೆಯದಿದ್ದಾಗಲೇ ಎರಡು ದಿನಕ್ಕೊಮ್ಮೆ ಬಿಡಿಸಿ. ಕಾಯಿ ಬಲಿಯಲು ಬಿಟ್ಟರೆ ಗಿಡ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಬೀಜಕ್ಕೆಂದು ಒಂದೆರಡು ಒಳ್ಳೆಯ ಗಿಡ ಬಿಟ್ಟರೆ ಸಾಕು. ಕಪ್ಪು ಚುಕ್ಕೆ ಬಿದ್ದ ಕಾಯಿಯ ಬೀಜ ಬೇಡ, ಚಿಬ್ಬು ರೋಗ ಬೀಜದಲ್ಲೇ ಕೂತು ಮುಂದಿನ ಬೆಳೆಗೆ ಬರುತ್ತದೆ.

ನನ್ನ ಹತ್ತಿರ ಈ ಬಾರಿ ಎತ್ತಿಟ್ಟ ಬೀಜ ಒಂದು ಡಬ್ಬಿ ಇದೆ. ಬೇಕಾದವರು ಮನೆಗೆ ಬನ್ನಿ, ಎಂಬತ್ತು ಎಣಿಸಿ ಕೊಡುತ್ತೇನೆ. ಎಂಬತ್ತೊಂದನೆಯದು ಕೇಳಬೇಡಿ.