ದರ ಕೇಳಿದವರನ್ನು ಯಂತ್ರದ್ವೇಷಿಗಳೆಂದರೆ

ಕಂಪ್ಯೂಟರಿನ ಚರಿತ್ರೆ ಹೇಳುವವರು ಜಕಾರ್ಡ್ ಮಗ್ಗದ ತೂತಿನ ಕಾರ್ಡುಗಳನ್ನು ಬಾಯ್ತುಂಬ ಹೊಗಳುತ್ತಾರೆ. ಅದರ ಮುಂದೆ ಕೂತು ನೇಯ್ದವರಿಗೆ ಮಾತ್ರ ಒಂದೇ ಸಾಲು: 'ಯಂತ್ರಕ್ಕೆ ಹೆದರಿ ದಂಗೆಯೆದ್ದರು.' ಈ ಸಾಲಿನ ಮೇಲೆ ನನಗೆ ತಕರಾರಿದೆ. ಹಾಗೆ ಬರೆದರೆ ವರ್ತಕ ಕಥೆಯಿಂದ ಮೆಲ್ಲಗೆ ಜಾರಿಕೊಳ್ಳುತ್ತಾನೆ.

ಶತಮಾನದ ಆರಂಭದಲ್ಲಿ ಆ ಮಗ್ಗಕ್ಕೆ ವಿರೋಧವಿತ್ತು, ನಿಜ. ಆದರೆ 1831ರ ಹೊತ್ತಿಗೆ ಫ್ರಾನ್ಸಿನ ಲಿಯೋನ್ ನಗರದ ರೇಷ್ಮೆ ನೇಕಾರರು ಅದರೊಂದಿಗೇ ಬದುಕುತ್ತಿದ್ದರು. ಕ್ರುವಾ-ರೂಸ್ ಗುಡ್ಡದ ಮನೆಗಳ ಸೂರು ಅಷ್ಟೆತ್ತರ ಇದ್ದದ್ದೇ ಮಗ್ಗ ಹಿಡಿಸಲೆಂದು. ಸಂಸಾರ ಅದರ ಪಕ್ಕದಲ್ಲಿ, ನಿದ್ದೆ ಅಟ್ಟದ ಮೇಲೆ. ಮಗ್ಗ ಮನೆಯ ಯಜಮಾನ ನೇಕಾರನದು, ರೇಷ್ಮೆ ವರ್ತಕನದು. ದರ ಕಟ್ಟುವವನೂ ವರ್ತಕನೇ. ಒಂದೆಳೆಯನ್ನೂ ನೇಯದ ಅವನು 'ತಯಾರಕ' ಎಂದು ಕರೆಸಿಕೊಳ್ಳುತ್ತಿದ್ದ!

ನೇಕಾರರು ಕೇಳಿದ್ದು ಕನಿಷ್ಠ ದರ. ಅಕ್ಟೋಬರಿನಲ್ಲಿ ಪ್ರಿಫೆಕ್ಟನ ಸಮ್ಮುಖದಲ್ಲಿ ದರಪಟ್ಟಿ ಒಪ್ಪಿಗೆಯೂ ಆಯಿತು. ಹಲವು ವರ್ತಕರು ಕೊಡಲೊಲ್ಲೆವೆಂದರು. ನವೆಂಬರಿನಲ್ಲಿ ದಂಗೆ. ಕೆಲವು ದಿನ ಊರು ನೇಕಾರರ ಕೈಯಲ್ಲಿತ್ತು. ಲೂಟಿಯಾಗದಂತೆ ಕಾವಲು ನಿಂತವರೂ ಅವರೇ. ಸರ್ಕಾರ ಸೇನೆ ಕಳಿಸಿತು, ದರಪಟ್ಟಿ ರದ್ದು ಮಾಡಿತು, ಒಪ್ಪಂದ ಮಾಡಿಸಿದ ಪ್ರಿಫೆಕ್ಟನನ್ನೂ ವಾಪಸು ಕರೆಸಿಕೊಂಡಿತು. 1834ರಲ್ಲಿ ಅವರು ಮತ್ತೆ ಎದ್ದಾಗ ಉತ್ತರ ಕೊಟ್ಟದ್ದು ಫಿರಂಗಿ.