ಅಂಗಳದಲ್ಲಿ ಮಲ್ಲಿಗೆಗೂ ಜಾಗವಿರಲಿ

ಶಂಕರಪುರದ ಆಸುಪಾಸಿನ ನಮ್ಮ ಮನೆಗಳಲ್ಲಿ ಈಗ ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಉತ್ಸಾಹ. ಮಳೆಗಾಲದ ಕೆಸರು ತಪ್ಪುತ್ತದೆ, ಕಾರು ನಿಲ್ಲಿಸಲೂ ಅನುಕೂಲ. ಗೃಹಸ್ಥರಾದ ನಮಗೂ ಆ ಆಸೆ ಇಲ್ಲವೆನ್ನಲಾರೆವು. ಆದರೆ ಅದಕ್ಕಾಗಿ ಮಲ್ಲಿಗೆ ಗಿಡಗಳನ್ನೇ ಕಿತ್ತೊಗೆಯುವುದು ನಮಗೆ ಸರಿಯೆನಿಸದು.

800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ 3200 ಮೊಗ್ಗುಗಳನ್ನು ಒಂದೊಂದಾಗಿ ಕೊಯ್ದು ಬಾಳೆನಾರಿನಲ್ಲಿ ಕಟ್ಟಬೇಕು. ಈ ದುಡಿಮೆಯಿಂದಲೇ ಎಷ್ಟೋ ತಾಯಂದಿರು ಮಕ್ಕಳನ್ನು ಓದಿಸಿದ್ದಾರೆ. ಕ್ರೈಸ್ತರ ಮನೆಯಲ್ಲಿ ಕಟ್ಟಿದ ಹೂವು ದೇವಸ್ಥಾನದ ಪೂಜೆಗೂ ಮದುಮಗಳ ಮುಡಿಗೂ ಸಲ್ಲುತ್ತದೆ. ಸೌಹಾರ್ದದ ಭಾಷಣಗಳಿಗಿಂತ ಇದು ಮೇಲೆಂದು ನಮ್ಮ ಎಣಿಕೆ.

ಜನವರಿಯಲ್ಲಿ ಅತ್ತೂರಿನ ಜಾತ್ರೆಗೆ ಹೋಗುತ್ತೇವೆ, ವೇಳಾಂಕಣಿಗೂ ಪಯಣಿಸುತ್ತೇವೆ. ಒಳ್ಳೆಯದೇ. ಆದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ನಮ್ಮ ಮಕ್ಕಳು ಮಾತೆ ಮರಿಯಮ್ಮನವರಿಗೆ ಅರ್ಪಿಸುವ ಹೂವನ್ನು ಪೇಟೆಯಿಂದ ಕೊಂಡು ತರುವಂತಾದರೆ, ಶಂಕರಪುರದವರೆಂದು ಹೇಳಿಕೊಳ್ಳಲು ಸಂಕೋಚವಾಗದೇ?

ಕೆಲಸದವರು ಗೊಣಗಿದರೂ ಚಿಂತೆಯಿಲ್ಲ, ಬಿಸಿಲು ಬೀಳುವ ಒಂದು ಬದಿಯನ್ನು ಹಾಸದೆ ಬಿಡಿಸೋಣ. ಅಷ್ಟೂ ಜಾಗವಿಲ್ಲದವರು ತಾರಸಿಯನ್ನೊಮ್ಮೆ ನೋಡಲಿ. ಕುಂಡಗಳಲ್ಲಿ ಮಲ್ಲಿಗೆ ಬೆಳೆಸುವವರು ನಮ್ಮಲ್ಲೇ ಇದ್ದಾರೆ, ಕೇಳಿದರೆ ಗೆಲ್ಲನ್ನೂ ಕೊಡುತ್ತಾರೆ.