ದವಾಖಾನೆಗೆ ಯಾಕಿಲ್ಲ ಜಮಾಬಂದಿ?

ಹುಮನಾಬಾದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಹತ್ತು ನಿಮಿಷ ನಿಂತರೆ ಸಾಕು, ತಾಲೂಕಿನ ಆರೋಗ್ಯದ ಬಜೆಟ್ಟು ಕಣ್ಣಿಗೇ ಕಾಣುತ್ತದೆ. ಕಂಕುಳಲ್ಲಿ ಎಕ್ಸರೇ ಲಕೋಟೆ, ಕೈಯಲ್ಲಿ ನೀರಿನ ಬಾಟಲಿ, ಸೆರಗಿನ ಗಂಟಿನಲ್ಲಿ ರೊಕ್ಕ. ಒಬ್ಬರು ಬೀದರ ಬಸ್ಸು ಹುಡುಕುತ್ತಾರೆ, ಇನ್ನೊಬ್ಬರು ಕಲಬುರಗಿ. ಕೈಯಲ್ಲಿ ನಾಲ್ಕು ಕಾಸಿದ್ದವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊರಟಿರುತ್ತಾರೆ. ಬಸವಕಲ್ಯಾಣದವರಂತೂ ಸಸ್ತಾಪುರ ಬಂಗ್ಲಾಕ್ಕೆ ಬಂದು ಹೆದ್ದಾರಿ ಹಿಡಿಯುವಷ್ಟರಲ್ಲೇ ಅರ್ಧ ದಣಿದಿರುತ್ತಾರೆ. “ಯಾಕ್ರಿ, ಊರಾಗ ದವಾಖಾನಿ ಇಲ್ಲೇನು?” ಎಂದರೆ “ಅದರಿ, ಇಲ್ಲಿ ಆಗಲ್ಲಂತ ಬರ್ದು ಕೊಟ್ಟಾರ” ಎಂಬುದು ಈ ದಾರಿಯ ಬಸ್ಸುಗಳಲ್ಲಿ ಹಳೇ ಮಾತು.

ಬರೆದು ಕೊಡುವುದು ತಪ್ಪಲ್ಲ. ದೊಡ್ಡ ಕಾಯಿಲೆಗೆ ದೊಡ್ಡ ದವಾಖಾನೆ ಬೇಕೇ ಬೇಕು. ಬೀದರದಲ್ಲಿ 2007ರಿಂದ ಸರಕಾರಿ ವೈದ್ಯಕೀಯ ಕಾಲೇಜೂ ಇದೆ. ಪ್ರಶ್ನೆ ಬೇರೆ. ಈ ಎರಡು ತಾಲೂಕುಗಳ ದವಾಖಾನೆಗಳಿಗೆ, ಮುದುಕರ ಪಿಂಚಣಿಗೆ ವರ್ಷದಲ್ಲಿ ಎಷ್ಟು ರೊಕ್ಕ ಬಂತು, ಯಾವುದಕ್ಕೆ ಹೋಯಿತು, ಎಷ್ಟು ವಾಪಸು ಹೋಯಿತು ಎಂದು ಒಂದೇ ಹಾಳೆಯಲ್ಲಿ ಬರೆದು, ಊರವರ ಮುಂದೆ ಓದಿ ಹೇಳಬೇಕಾದವರು ಯಾರು?

ಉತ್ತರ ಹುಡುಕಲು ಹೋದರೆ ತಲೆ ತಿರುಗುತ್ತದೆ. ಕಿರಾಣಿ ಅಂಗಡಿಯವನಿಗೆ ಒಂದು ಗಲ್ಲಾ, ಒಂದು ಖಾತೆ ಪುಸ್ತಕ. ಸಂಜೆ ಕೂಡಿ ಕಳೆದರೆ ಲೆಕ್ಕ ಮುಗಿಯಿತು. ಸರಕಾರಿ ದವಾಖಾನೆಗೆ ಹಾಗಲ್ಲ, ಅದಕ್ಕೆ ನಾಲ್ಕೈದು ಗಲ್ಲಾ. ಡಾಕ್ಟರು, ನರ್ಸುಗಳ ಪಗಾರ ಖಜಾನೆಯಿಂದ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಖರ್ಚು ಜಿಲ್ಲಾ ಪಂಚಾಯತಿ ಲೆಕ್ಕದಲ್ಲಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ರೊಕ್ಕ, ಅಂದರೆ ಕೇಂದ್ರದ 60 ಪಾಲು ರಾಜ್ಯದ 40 ಪಾಲು ಸೇರಿದ್ದು, ಬೇರೊಂದು ಸಂಘದ ಖಾತೆಯ ಮೂಲಕ. ಕಟ್ಟಡ, ಯಂತ್ರ, ಆಂಬುಲೆನ್ಸು ಬೇಕಾದರೆ ಕಲಬುರಗಿಯಲ್ಲಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಔಷಧ ಕೊಳ್ಳುವುದು ಬೆಂಗಳೂರಿನ ನಿಗಮ. ಆಯುಷ್ಮಾನ್ ಕಾರ್ಡಿನ ರೋಗಿಗೆ ಚಿಕಿತ್ಸೆ ಕೊಟ್ಟರೆ ಅದರ ಬಾಬತ್ತು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ. ಇಷ್ಟೂ ಗಲ್ಲಾಗಳಿಗೆ ಬೀಗ ಇದೆ, ಬೀಗದ ಕೈ ಇಟ್ಟುಕೊಂಡವರೂ ಇದ್ದಾರೆ, ಆಡಿಟ್ಟೂ ಇದೆ. ಎಲ್ಲ ಗಲ್ಲಾ ಕೂಡಿಸಿ ಊರಿಗೆ ಲೆಕ್ಕ ಹೇಳುವ ಮುನೀಮ ಮಾತ್ರ ಇಲ್ಲ.

ರೊಕ್ಕವೇ ಬರಲಿಲ್ಲ ಎನ್ನುವ ಕಾಲ ಹೋಯಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಮಾಡಿತು. ಅದರಲ್ಲಿ 21 ಆಗಿನ ಗುಲಬರ್ಗಾ ವಿಭಾಗದವೇ. ಆ 21ರಲ್ಲಿ ಹುಮನಾಬಾದವೂ ಇತ್ತು, ಬಸವಕಲ್ಯಾಣವೂ ಇತ್ತು. ಆಮೇಲೆ ಸಂವಿಧಾನಕ್ಕೆ 371(ಜೆ) ಸೇರಿತು, 2013ರಲ್ಲಿ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಮಂಡಳಿಗೆ ವರ್ಷಕ್ಕೆ 1,500 ಕೋಟಿ ಇದ್ದದ್ದು 3,000 ಕೋಟಿಯಾಗಿ, 2023-24ರ ಬಜೆಟ್ಟಿನಲ್ಲಿ 5,000 ಕೋಟಿಗೆ ಏರಿತು. ಘೋಷಣೆಯ ಕೋಟಿ ಬೇರೆ, ಬಿಡುಗಡೆಯ ಕೋಟಿ ಬೇರೆ, ಖರ್ಚಾದ ಕೋಟಿ ಇನ್ನೂ ಬೇರೆ ಎಂಬುದು ಅಂಗಡಿಕಾರನಿಗೆ ಹೇಳಿಕೊಡಬೇಕಾದ ಪಾಠವಲ್ಲ. ಉದ್ರಿ ಬರೆದದ್ದೆಲ್ಲ ಗಲ್ಲಾಕ್ಕೆ ಬಂದಿರುವುದಿಲ್ಲ ಎಂದು ಅವನಿಗೆ ಗೊತ್ತು.

ಹಾಗಾದರೆ ಕೇಳುವವರು ಯಾರು? ಮೊದಲು ಇದ್ದರು. 1987ರಲ್ಲಿ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ಜಿಲ್ಲಾ ಪರಿಷತ್ತುಗಳು ಹುಟ್ಟಿದವು. ಹಳ್ಳಿಯ ದವಾಖಾನೆಯ ಡಾಕ್ಟರು ಬಂದಿಲ್ಲ ಎಂದರೆ ಜಿಲ್ಲಾ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಹಳ್ಳಿಯಿಂದ ಗೆದ್ದು ಬಂದವನಿಗೆ ಸಿಕ್ಕಿತು. ಈಗಿನ 1993ರ ಕಾಯಿದೆಯಲ್ಲೂ ಜಿಲ್ಲಾ ಪಂಚಾಯತಿಗೆ ಶಿಕ್ಷಣ ಮತ್ತು ಆರೋಗ್ಯದ ಸ್ಥಾಯಿ ಸಮಿತಿ ಇದೆ, ಹಣಕಾಸು ಮತ್ತು ಲೆಕ್ಕಪರಿಶೋಧನೆಗೆ ಇನ್ನೊಂದಿದೆ. ಆದರೆ 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಳು ಉರುಳಿದವು. 2024 ಕಳೆದರೂ ಮತದಾನ ನಡೆಯಲಿಲ್ಲ. ಸದಸ್ಯರಿಲ್ಲದ ಪಂಚಾಯತಿಯಲ್ಲಿ ಸ್ಥಾಯಿ ಸಮಿತಿ ಎಲ್ಲಿಂದ ಬರಬೇಕು? ಕುರ್ಚಿಯಲ್ಲಿ ಆಡಳಿತಾಧಿಕಾರಿ ಕುಳಿತರು. ಖರ್ಚು ಮಾಡುವವರೂ ಸಾಹೇಬರೇ, ಖರ್ಚು ಸರಿ ಎನ್ನುವವರೂ ಸಾಹೇಬರೇ. ಅವರು ಕೆಟ್ಟವರೆಂದಲ್ಲ. ಮುಂದಿನ ಸಲ ಅವರು ವೋಟು ಕೇಳಲು ಬರುವುದಿಲ್ಲ, ಅಷ್ಟೇ.

ಇನ್ನೊಂದು ಬಾಗಿಲು ಆರೋಗ್ಯ ರಕ್ಷಾ ಸಮಿತಿ. ತಾಲೂಕು ದವಾಖಾನೆಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಸಣ್ಣಪುಟ್ಟ ರಿಪೇರಿ, ತುರ್ತು ಔಷಧ, ನೀರು, ಸ್ವಚ್ಛತೆ ಇವಕ್ಕೆಲ್ಲ ಬೆಂಗಳೂರಿನ ಮಂಜೂರಿಗೆ ಕಾಯಬಾರದೆಂದೇ ಇಂಥ ಸಮಿತಿಗಳಿಗೆ ಮುಕ್ತನಿಧಿ ಕೊಡುವ ಏರ್ಪಾಟಾಯಿತು. ಒಳ್ಳೆಯ ಏರ್ಪಾಟೇ. ಆದರೆ ಆ ಸಮಿತಿ ಎಂದು ಸೇರಿತು, ಏನು ಠರಾವಾಯಿತು ಎಂಬುದು ದವಾಖಾನೆಯ ಹೊರಗೋಡೆಗೆ ಬಂದರೆ ತಾನೆ ಊರಿಗೆ ಗೊತ್ತಾಗುವುದು? ತಮಾಷೆ ನೋಡಿ: ಹಳ್ಳಿಯ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ವರ್ಷಕ್ಕೆ ಸಿಗುತ್ತಿದ್ದ 10,000 ರೂಪಾಯಿಗೆ ಆಶಾ ಕಾರ್ಯಕರ್ತೆ ಬ್ಲೀಚಿಂಗ್ ಪುಡಿಯ ಚೀಟಿಯನ್ನೂ ಜೋಪಾನ ಮಾಡಬೇಕು. ಕೋಟಿಯ ಕಟ್ಟಡಕ್ಕೆ ಮಾತ್ರ ಹೆಸರಿನ ಫಲಕ ಹಾಕಿದರೆ ಸಾಕು.

ಶಾಸಕರ ಮಾತು ಬಂದಾಗ ಕಲ್ಯಾಣದವರಿಗೆ ನೆನಪಾಗುವುದು 2020ರ ಸೆಪ್ಟೆಂಬರ್. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಕೋವಿಡ್ ತಗುಲಿ ಬೆಂಗಳೂರಿನ ದವಾಖಾನೆಯಲ್ಲಿ ತೀರಿಕೊಂಡರು. 2021ರ ಏಪ್ರಿಲ್ 17ರಂದು ಉಪಚುನಾವಣೆ. ಅದೇ ಹೊತ್ತಿಗೆ ಎರಡನೇ ಅಲೆ ಏರುತ್ತಿತ್ತು. ರೋಗಕ್ಕೆ ಬಲಿಯಾದ ಶಾಸಕರ ಜಾಗ ತುಂಬಲು ಅದೇ ರೋಗದ ನಡುವೆ ಪ್ರಚಾರ ನಡೆಯಿತು. ಆ ಎರಡು ವರ್ಷ ಮಾಸ್ಕು, ಕಿಟ್ಟು, ಆಮ್ಲಜನಕ, ಹಾಸಿಗೆ ಎಂದು ರಾಜ್ಯದ ಉದ್ದಗಲಕ್ಕೂ ಹಣ ಹರಿಯಿತು. ತಾಲೂಕಿನ ಪಾಲಿನ ಲೆಕ್ಕವನ್ನು ತಾಲೂಕಿನಲ್ಲೇ ಓದಬೇಕೆಂಬ ಕಾನೂನು ಮಾತ್ರ ಇರಲಿಲ್ಲ. ರಾಜ್ಯದ ಒಟ್ಟು ಖರೀದಿಯ ಗೊಂದಲ ಬಿಡಿಸಲು 2023ರಲ್ಲಿ ನ್ಯಾಯಮೂರ್ತಿ ಮೈಕೆಲ್ ಕುನ್ಹ ಆಯೋಗ ಬರಬೇಕಾಯಿತು. ಅದರ ಮಧ್ಯಂತರ ವರದಿ ಸರಕಾರದ ಕೈಸೇರಿದ್ದು 2024ರ ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಸತ್ತವರ ನಾಲ್ಕನೇ ವರ್ಷದ ಪುಣ್ಯತಿಥಿಯೂ ಬಂದಿತ್ತು.

ಲೆಕ್ಕ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿಗಿಂತ ಬೇರೆ ಸಾಕ್ಷಿ ಬೇಡ. 2024ರ ನವೆಂಬರಿನಲ್ಲಿ ಅಲ್ಲಿನ ಸರಕಾರಿ ದವಾಖಾನೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರ ಸ್ಥಿತಿ ಒಬ್ಬೊಬ್ಬರದಾಗಿ ಕೆಟ್ಟಿತು. ಐದು ಜೀವ ಹೋದವು. ಸಂಶಯ ಬಿದ್ದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಕೊಳ್ಳುವವರು ಒಂದು ಕಡೆ, ಪರೀಕ್ಷೆ ಮಾಡುವವರು ಇನ್ನೊಂದು ಕಡೆ, ಬಾಟಲಿ ನೇತುಹಾಕುವ ನರ್ಸು ಮೂರನೇ ಕಡೆ. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು, ಕಂಪನಿಯ ಮೇಲೆ ಕ್ರಮ ಎಂದರು. ಅದೆಲ್ಲ ಆದದ್ದು ಹೆಣ ಬಿದ್ದ ಮೇಲೆ. ಹುಮನಾಬಾದದ ಹೆರಿಗೆ ವಾರ್ಡಿಗೆ ಬರುವ ಬಾಟಲಿಯೂ ಇದೇ ನಿಗಮದ ದಾರಿಯಲ್ಲೇ ಬರಬೇಕು. ಔಷಧ ದಾಸ್ತಾನಿನ ಪಟ್ಟಿ, ಬಂದ ತಾರೀಖು, ಬ್ಯಾಚ್ ನಂಬರು, ಪರೀಕ್ಷೆಯ ಫಲಿತಾಂಶ ಇಷ್ಟನ್ನು ಗೋಡೆಗೆ ಅಂಟಿಸಲು ಯಾವ ಕೋಟಿಯೂ ಬೇಡ, ಒಂದು ಹಾಳೆ, ಸ್ವಲ್ಪ ಗೋಂದು ಸಾಕು.

ಪಿಂಚಣಿಯ ಕಥೆ ಚಿಕ್ಕದು, ಕಹಿ ಮಾತ್ರ ಅಷ್ಟೇ. 2007ರಲ್ಲಿ ಇಂದಿರಾ ಗಾಂಧಿ ಹೆಸರಿನ ವೃದ್ಧಾಪ್ಯ ಯೋಜನೆ ಶುರುವಾದಾಗ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 2025ರಲ್ಲೂ 80 ತುಂಬದವರಿಗೆ ಅದೇ 200. ಮೇಲಿನದ್ದು ರಾಜ್ಯ ಸೇರಿಸಬೇಕು. ಇದೇ ನಿಧಿಯಿಂದ 2.83 ಕೋಟಿ ರೂಪಾಯಿಯನ್ನು ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆ ಬೇರೆ ಯೋಜನೆಗಳ ಜಾಹೀರಾತು ಫಲಕಗಳಿಗೆ ಬಳಸಿತ್ತೆಂದು ಮಹಾಲೇಖಪಾಲರು 2023ರ ವರದಿಯಲ್ಲಿ ಬರೆದರು. ಅದೇ ವರ್ಷದ ಇನ್ನೊಂದು ವರದಿಯಲ್ಲಿ, ಆಯುಷ್ಮಾನ್ ಯೋಜನೆಯ ಸುಮಾರು 7.5 ಲಕ್ಷ ಹೆಸರುಗಳಿಗೆ ಒಂದೇ ಮೊಬೈಲ್ ನಂಬರು, ಬರೀ ಒಂಬತ್ತುಗಳದ್ದು, ಇತ್ತೆಂದೂ ಬರೆದರು. ದಿಲ್ಲಿಯ ತಪ್ಪು ದಿಲ್ಲಿಯಲ್ಲಿ ಸಿಕ್ಕಿತು, ಸರಿ. ಹಳ್ಳಿಯ ಮುದುಕಿಯ ಪಿಂಚಣಿ ಎರಡು ತಿಂಗಳು ನಿಂತರೆ ಯಾವ ಮಹಾಲೇಖಪಾಲರು ಬರೆಯುತ್ತಾರೆ? ನಾಡಕಚೇರಿಯಲ್ಲಿ ಕೇಳಿದರೆ ಬ್ಯಾಂಕು, ಬ್ಯಾಂಕಿನಲ್ಲಿ ಕೇಳಿದರೆ ಆಧಾರ್, ಆಧಾರ್ ಕೇಂದ್ರದಲ್ಲಿ ಕೇಳಿದರೆ ಬೆರಳಿನ ಗೆರೆ ಅಳಿಸಿದೆ ಎನ್ನುತ್ತಾರೆ. ಹೊಲದಲ್ಲಿ ದುಡಿದ ಕೈ ಅಲ್ಲವೆ, ಗೆರೆ ಎಲ್ಲಿ ಉಳಿದೀತು?

ಇದಕ್ಕೆಲ್ಲ ಹೊಸ ಕಾಯಿದೆ ಹುಡುಕಬೇಕಿಲ್ಲ. ಮದ್ದು ಊರಲ್ಲೇ ಇದೆ, ಅದರ ಹೆಸರು ಜಮಾಬಂದಿ. ನಿಜಾಮರ ಕಾಲದ ಕಂದಾಯ ಕಚೇರಿಯಿಂದಲೂ ಈ ಭಾಗದ ಹಿರಿಯರು ಬಲ್ಲ ಮಾತು. ರಾಜ್ಯ ಸರಕಾರ 2000ದಲ್ಲಿ ನಿಯಮ ಮಾಡಿ ಗ್ರಾಮ ಪಂಚಾಯತಿಗಳಿಗೆ ಅದನ್ನು ತಂದಿತು. ಪ್ರತಿವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಮೇಲಿನ ಅಧಿಕಾರಿ ಬಂದು ಪಂಚಾಯತಿಯ ಖಾತೆಕಿರ್ದಿಯನ್ನು ಜನರೆದುರು ಬಿಚ್ಚಬೇಕು, ಕಾಮಗಾರಿಯನ್ನು ಹೋಗಿ ನೋಡಬೇಕು. ಉದ್ಯೋಗ ಖಾತರಿಗೆ 2005ರ ಕಾಯಿದೆಯಲ್ಲೇ ಸಾಮಾಜಿಕ ಪರಿಶೋಧನೆ ಬಂತು. ಎಲ್ಲ ಕಡೆ ಅದು ಚೊಕ್ಕವಾಗಿ ನಡೆಯುತ್ತದೆ ಎಂದು ಯಾರೂ ಹೇಳಲಾರರು. ಟೀ ಕುಡಿದು ಸಹಿ ಹಾಕಿ ಎದ್ದ ಜಮಾಬಂದಿಗಳೂ ಉಂಟು. ಆದರೂ ಚರಂಡಿಯ ಲೆಕ್ಕ ಕೇಳಲು ಒಂದು ದಿನ ಗೊತ್ತಾಗಿದೆ. ಹೆರಿಗೆ ವಾರ್ಡಿನ ಲೆಕ್ಕ ಕೇಳಲು ಅಂಥ ದಿನವೇ ಇಲ್ಲ.

ಇದು ಆಗದ ಮಾತು ಎನ್ನುವವರು ಹೆದ್ದಾರಿ ಹಿಡಿದು ಉಮರಗಾಕ್ಕೆ ಹೋಗಿ ಬರಬಹುದು. ರಾಷ್ಟ್ರೀಯ ಆರೋಗ್ಯ ಅಭಿಯಾನ ಶುರುವಾದ ಹೊಸದರಲ್ಲಿ, 2007ರಿಂದ 2009ರವರೆಗೆ, ಜನರೇ ದವಾಖಾನೆಯ ಮೇಲೆ ಕಣ್ಣಿಡುವ ಪ್ರಯೋಗ ಒಂಬತ್ತು ರಾಜ್ಯಗಳಲ್ಲಿ ನಡೆಯಿತು. ಮಹಾರಾಷ್ಟ್ರದ ಐದು ಜಿಲ್ಲೆಗಳಲ್ಲಿ ಒಂದು, ಬಸವಕಲ್ಯಾಣದ ಗಡಿಗೆ ಅಂಟಿಕೊಂಡ ಆಗಿನ ಉಸ್ಮಾನಾಬಾದ, ಈಗಿನ ಧಾರಾಶಿವ. ಹಳ್ಳಿಯವರು ಕೂತು ದವಾಖಾನೆಗೆ ಅಂಕಪಟ್ಟಿ ಬರೆದರು: ಚೆನ್ನಾಗಿದ್ದರೆ ಹಸಿರು, ಸುಮಾರಿಗೆ ಹಳದಿ, ಕೆಟ್ಟಿದ್ದರೆ ಕೆಂಪು. ಆಮೇಲೆ ಜನಸುನವಾಯಿ. ಒಂದು ಕಡೆ ಊರವರು, ಎದುರಿಗೆ ಡಾಕ್ಟರು, ಅಧಿಕಾರಿಗಳು. ಹೊರಗಿನ ಅಂಗಡಿಗೆ ಚೀಟಿ ಯಾಕೆ ಬರೆದಿರಿ, ನರ್ಸು ಯಾಕೆ ಬರಲಿಲ್ಲ ಎಂದು ಮುಖಾಮುಖಿ ಕೇಳುವ ಜಾಗ. ಡಾಕ್ಟರಿಗೂ ತನ್ನ ಕಷ್ಟ ಹೇಳಿಕೊಳ್ಳಲು ಅದೇ ಜಾಗ. ಪ್ರಯೋಗ ಮುಗಿದ ಮೇಲೂ ಮಹಾರಾಷ್ಟ್ರ ಅದನ್ನು ಕೆಲವು ವರ್ಷ ಮುಂದುವರಿಸಿ ಬೇರೆ ಜಿಲ್ಲೆಗಳಿಗೆ ಹಬ್ಬಿಸಿತು. ಆ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. 2017ರಲ್ಲಿ ಮೇಘಾಲಯ ಸಾಮಾಜಿಕ ಪರಿಶೋಧನೆಗೆಂದೇ ಕಾಯಿದೆ ಮಾಡಿತು. ಅಲ್ಲಿಯ ಗುಡ್ಡಗಾಡಿನಲ್ಲಿ ಮಾಡಬಹುದಾದದ್ದು ಅನುಭವ ಮಂಟಪದ ಊರಿನಲ್ಲಿ ಆಗದೆ?

ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕರು, ಇಬ್ಬರು ಶಾಸಕರು ಮನಸ್ಸು ಮಾಡಿದರೆ ಪಂಚಾಯತಿ ಜಮಾಬಂದಿ ನಡೆಯುವ ಅದೇ ತಿಂಗಳಲ್ಲಿ ಹುಮನಾಬಾದ, ಬಸವಕಲ್ಯಾಣದ ದವಾಖಾನೆಗಳ ಅಂಗಳದಲ್ಲೂ ಒಂದೊಂದು ದಿನ ಶಾಮಿಯಾನ ಹಾಕಿಸಬಹುದು. ಹೊಸದಾಗಿ ತಾಲೂಕಾದ ಹುಲಸೂರು, ಚಿಟಗುಪ್ಪದವರನ್ನೂ ಕರೆಯಬಹುದು. ಖಜಾನೆ, ಅಭಿಯಾನ, ಮಂಡಳಿ, ಟ್ರಸ್ಟು ನಾಲ್ಕೂ ಗಲ್ಲಾಗಳ ಲೆಕ್ಕ ಒಂದೇ ಹಾಳೆಯಲ್ಲಿ ಬರಲಿ. ಮನಸ್ಸು ಮಾಡದಿದ್ದರೆ?

ಆಗ ಉಳಿಯುವುದು 10 ರೂಪಾಯಿಯ ದಾರಿ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ 10 ರೂಪಾಯಿಯೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಶಬ್ದ ದಾಟಬಾರದು. ಆದ್ದರಿಂದ ಊರ ಪುರಾಣವೆಲ್ಲ ಬರೆಯದೆ “ಆರೋಗ್ಯ ರಕ್ಷಾ ಸಮಿತಿಗೆ ಕಳೆದ ವರ್ಷ ಬಂದ ಹಣ, ಆದ ಖರ್ಚು, ನಡೆದ ಸಭೆಗಳ ನಡಾವಳಿ” ಎಂದು ನೇರ ಕೇಳುವುದು ಒಳ್ಳೆಯದು. ಔಷಧ ದಾಸ್ತಾನಿಗೆ ಬೇರೆ ಅರ್ಜಿ, ಮಂಡಳಿಯ ಕಾಮಗಾರಿಗೆ ಕಲಬುರಗಿಗೆ ಬೇರೆ ಅರ್ಜಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಅರ್ಜಿ ಕೊಟ್ಟ ಕಚೇರಿಯಲ್ಲಿ ಇನ್ನೊಂದು ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬಾರದು. ಮೂವತ್ತು ದಿನದ ಎಣಿಕೆಗೆ ಸಾಕ್ಷಿ ಆ ಮೊಹರೇ.